ಕುರ್ಚಿ ಕೇಳಿದವಳು

ನಮ್ಮ ಊರಿನಲ್ಲಿ ಲಿಫ್ಟು ಕೆಟ್ಟಿತು ಎಂದು ಯಾರೂ ಹೇಳುವುದಿಲ್ಲ, ಲಿಫ್ಟು ನಿಂತಿತು ಎನ್ನುತ್ತೇವೆ. ಕೆಡುವುದು ಬೇರೆ ಊರುಗಳ ಯಂತ್ರಗಳ ಚಾಳಿ. ಇಲ್ಲಿ ಏನು ಬರೆದಿದೆಯೋ ಅದನ್ನೇ ಯಂತ್ರ ಮಾಡುತ್ತದೆ. ಬರೆದದ್ದು ಸಾಬೀತಾಗುವ ತನಕ ಒದ್ದರೂ ಅಲುಗುವುದಿಲ್ಲ, ಸಾಬೀತಾದ ಮೇಲೆ ಕೈಮುಗಿದು ಬೇಡಿಕೊಂಡರೂ ಬರೆದದ್ದರಿಂದ ಆಚೀಚೆ ಸರಿಯುವುದಿಲ್ಲ. ಹಿಟ್ಟಿನ ಗಿರಣಿ, ಬೀದಿದೀಪ, ನಲ್ಲಿ, ಲಿಫ್ಟು, ಎಲ್ಲವೂ ಹಾಗೆಯೇ. ಹೊರಗಿನಿಂದ ಬಂದವರು ಮೊದಮೊದಲು ಆಹಾ ಎನ್ನುತ್ತಾರೆ. ಒಂದಿಷ್ಟು ದಿನ ಇದ್ದರೆ ಅವರೂ ಸುಮ್ಮನಾಗುತ್ತಾರೆ.

ನಾನು ಫಕೀರಪ್ಪ, ಇಳಿಕೆ ಕಚೇರಿಯವನು. ಹೆಸರು ಕೇಳಿ ನಗಬೇಡಿ, ಊರು ನಡೆಯುವುದು ಆ ಕಚೇರಿಯಿಂದಲೇ. ಕಮಿಟಿಯವರಿಗೆ ಏನು ಬೇಕೋ ಅದನ್ನು ಮೊದಲು ಚಿಹ್ನೆಗಳ ಭಾಷೆಯಲ್ಲಿ, ಅನುಮಾನಕ್ಕೆ ಎಡೆಯಿಲ್ಲದಂತೆ ಬರೆಸುತ್ತಾರೆ. ಅದಕ್ಕೆ ಮೇಲ್ಬರಹ ಎಂದು ಹೆಸರು. ಅದು ಶುದ್ಧ ಗಣಿತ. ಓದಲು ಬಲು ಚೆಂದ, ಆದರೆ ಯಂತ್ರದ ಮುಂದೆ ಹಿಡಿದರೆ ಯಂತ್ರ ಪಿಳಿಪಿಳಿ ನೋಡುತ್ತದೆ. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕೆಳಕ್ಕೆ ಇಳಿಸಿ, ಕ್ಲಾಸುಗಳಾಗಿ ಒಡೆದು, ಕಂಪ್ಯೂಟರು ನಡೆಸಬಲ್ಲ ಪ್ರೋಗ್ರಾಮು ಮಾಡುವುದು ನನ್ನ ಕೆಲಸ. ಒಂದೊಂದು ಮೆಟ್ಟಿಲಲ್ಲೂ ಮೇಲಿನ ಮಾತು ಕೆಳಗೆ ಬರುವಾಗ ಎಲ್ಲಿಯೂ ಸೋರಿಲ್ಲವೆಂದು ಸಾಬೀತು ಮಾಡಿ ತೋರಿಸಬೇಕು. ತೋರಿಸಿದರೆ ಹಸಿರು ದೀಪ ಹತ್ತುತ್ತದೆ. ಹತ್ತದಿದ್ದ ದಿನ ನನ್ನ ಹೆಂಡತಿ ನನ್ನ ಮುಖ ನೋಡಿ, ಏನೂ ಕೇಳದೆ, ಎರಡು ಹೋಳು ಉಪ್ಪಿನಕಾಯಿ ಹೆಚ್ಚಿಗೆ ಬಡಿಸುತ್ತಾಳೆ.

ಕ್ಲಾಸು ಎಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಒಂದು ವಸ್ತು ಏನು ಕೇಳುತ್ತದೆ, ಏನು ಕೊಡುತ್ತದೆ, ಯಾವ ಮಾತನ್ನು ಎಂದೂ ತಪ್ಪುವುದಿಲ್ಲ, ಇಷ್ಟರ ಕಟ್ಟು. ಗಿರಣಿ ಕಾಳು ಕೇಳುತ್ತದೆ, ಹಿಟ್ಟು ಕೊಡುತ್ತದೆ, ಯಾರದಾದರೂ ಬೆರಳು ಒಳಗಿದ್ದರೆ ಎಂದೂ ತಿರುಗುವುದಿಲ್ಲ. ಒಂದು ಕ್ಲಾಸಿನಿಂದ ಇನ್ನೊಂದನ್ನು ಹುಟ್ಟಿಸಬಹುದು. ಮೊದಲಿನದು ತಾಯಿ, ಹುಟ್ಟಿದ್ದು ಮಗಳು. ತಾಯಿಯ ಜಾಗದಲ್ಲಿ ಮಗಳನ್ನು ತಂದು ನಿಲ್ಲಿಸಿದರೆ ಊರಿಗೆ ವ್ಯತ್ಯಾಸ ತಿಳಿಯಬಾರದು. ಅದಕ್ಕೆಂದು ಒಂದು ನಿಯಮ ಉಂಟು: ಮಗಳು ತಾಯಿಗಿಂತ ಕಡಿಮೆ ಕೇಳಬಹುದು, ಹೆಚ್ಚು ಕೇಳುವಂತಿಲ್ಲ, ಹೆಚ್ಚು ಕೊಡಬಹುದು, ಕಡಿಮೆ ಕೊಡುವಂತಿಲ್ಲ, ತಾಯಿ ತಪ್ಪದ ಮಾತನ್ನು ಮಗಳೂ ತಪ್ಪುವಂತಿಲ್ಲ. ಗಿರಣಿಗಳ ಮಟ್ಟಿಗೆ ಇದು ಬಂಗಾರದಂಥ ನಿಯಮ. ಆದರೆ ಯಂತ್ರ ನಡೆಸುವ ಮನುಷ್ಯರೂ ಆ ಯಂತ್ರದ ಪ್ರೋಗ್ರಾಮಿನಲ್ಲಿ ಒಂದು ಕ್ಲಾಸೇ ಆದ್ದರಿಂದ ಅದು ಮನುಷ್ಯರಿಗೂ ಹತ್ತಿಕೊಂಡಿತು. ನಮ್ಮೂರಿನ ಹಿರಿಯರಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಹೆಣ್ಣುಮಕ್ಕಳಿಗೆ ತಾವು ಮನೆಯಲ್ಲಿ ಹೇಳುತ್ತಿದ್ದದ್ದನ್ನೇ ಗಣಿತವೂ ಹೇಳಿತಲ್ಲ ಎಂದು ಅವರಿಗೆ ಗಣಿತದ ಮೇಲೆ ಗೌರವ ಹೆಚ್ಚಿತು.

ಊರು ಒಂದು ದೊಡ್ಡ ಬಂಡೆಯ ಮೇಲರ್ಧ, ಕೆಳಗರ್ಧ ಇದೆ. ಮೇಲಪೇಟೆಗೂ ಕೆಳಪೇಟೆಗೂ ನಡುವೆ ಕಲ್ಲಿನ ಮೆಟ್ಟಿಲುಗಳಿವೆ, ಹತ್ತಿದವರು ಹತ್ತಿದ್ದನ್ನು ವಾರಗಟ್ಟಲೆ ಹೇಳಿಕೊಂಡು ತಿರುಗುತ್ತಾರೆ. ಉಳಿದವರಿಗೆ ಲಿಫ್ಟು. ಜೋಡೆತ್ತಿನ ಚಕ್ಕಡಿ ಹಿಡಿಸುವಷ್ಟು ದೊಡ್ಡದು. ಅದನ್ನು ನಡೆಸಲು ಒಬ್ಬಳು ಕಾವಲಗಿತ್ತಿ. ಮೊದಲ ಕಾವಲಗಿತ್ತಿ ಬಾಳವ್ವ ಬಹಳ ಶಾಣ್ಯಾ ಹೆಂಗಸು. ಕೂಡಲು ಕುರ್ಚಿ, ವಾರದ ರಜೆಯೆಂದು ಮಂಗಳವಾರ ಸೂಟಿ, ಊಟದ ಹೊತ್ತಿಗೆ ಬಿಡುವು ಕೇಳಿದ್ದಳು. ಲಿಫ್ಟನ್ನು ಏರಿಸಿ ಇಳಿಸುತ್ತೇನೆ ಎಂದಿದ್ದಳು, ಅದಕ್ಕಿಂತ ಒಂದು ಅಕ್ಷರ ಹೆಚ್ಚಿಗೆ ಆಡಿರಲಿಲ್ಲ.

ಕೆಡಿಸಿದ್ದು ಮೇಲುಮಾತು. ಹೊಸ ಕಾವಲಗಿತ್ತಿಯ ಒಪ್ಪಿಗೆಯ ದಿನ ಊರೆಲ್ಲ ಲಿಫ್ಟಿನ ಕೆಳಗಿನ ಕಟ್ಟೆಯ ಹತ್ತಿರ ಸೇರುತ್ತದೆ. ಅವಳು ಮೈಕಿನ ಮುಂದೆ ನಿಂತು ತನ್ನ ಕ್ಲಾಸನ್ನು ಓದುತ್ತಾಳೆ. ಓದಿ ಮುಗಿದು ಹಸಿರು ದೀಪ ಹತ್ತುವ ಮೊದಲು ಅವಳು ಮೈಕಿನಲ್ಲಿ ಆಡಿದ ಮಾತು ಯಾವುದಿದ್ದರೂ ಕ್ಲಾಸಿಗೆ ಸೇರುತ್ತದೆ. ಆ ಗಳಿಗೆಯಲ್ಲಿ ಒಂದು ದೊಡ್ಡ ಮಾತು ಆಡುವುದು ರೂಢಿಯಾಗಿಬಿಟ್ಟಿದೆ, ಅದೇ ಮೇಲುಮಾತು. ಬಾಳವ್ವನ ಮಗಳು ಕಾಶವ್ವ ಅಷ್ಟು ಜನರನ್ನು ಒಟ್ಟಿಗೆ ಕಂಡವಳಲ್ಲ, ಮೈಕಿನಲ್ಲಿ ತನ್ನ ದನಿ ಕೇಳಿ ತಾನೇ ಉಬ್ಬಿದಳು. "ನನಗ ಕುರ್ಚಿ ಬ್ಯಾಡ್ರಿ, ನಿಂತs ಇರತೀನಿ" ಎಂದಳು. ಚಪ್ಪಾಳೆಗೆ ಎರಡೂ ಪೇಟೆಯ ಪಾರಿವಾಳಗಳು ಎದ್ದವಂತೆ. ದೀಪ ಹತ್ತಿತು. ಅಂದಿನಿಂದ ಲಿಫ್ಟಿನಲ್ಲಿ ಕಾವಲಗಿತ್ತಿ ಕುಳಿತರೆ ಲಿಫ್ಟು ಇದ್ದಲ್ಲೇ ನಿಲ್ಲುತ್ತದೆ. ಕಾಶವ್ವನ ಮಗಳು ಗಂಗವ್ವ ತನ್ನ ಸರದಿಯಲ್ಲಿ ಮಂಗಳವಾರದ ಸೂಟಿ ಬಿಟ್ಟಳು. ಅಷ್ಟಕ್ಕೆ ಚಪ್ಪಾಳೆ ಸಾಲದೆನಿಸಿ, ಹತ್ತಿದವರನ್ನೆಲ್ಲ ಆರಾಮ ವಿಚಾರಿಸುತ್ತೇನೆ ಎಂದೂ ಸೇರಿಸಿದಳು. ಅದೂ ಲಿಫ್ಟಿಗೆ ಬಂತು. ವಿಚಾರಿಸದಿದ್ದರೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ದಿನಕ್ಕೆ ಹತ್ತು ಸಲ ಏರಿಳಿಯುವವನಿಗೂ ಹತ್ತು ಸಲ ಆರಾಮೇ ಎಂದು ಕೇಳಬೇಕು, ಅವನು ಹತ್ತು ಸಲವೂ ತನ್ನ ಹೊಟ್ಟೆಯ ಗ್ಯಾಸಿನ ಕಥೆ ಹೇಳುತ್ತಾನೆ.

ಗಂಗವ್ವನ ಮಗಳು ದ್ರಾಕ್ಷಾಯಣಿ. ನಮ್ಮ ಓಣಿಯವಳು, ನನ್ನ ವಾರಿಗೆಯವಳು. ಅವಳ ಒಪ್ಪಿಗೆಯ ದಿನ ನಾನೂ ಗುಂಪಿನಲ್ಲಿದ್ದೆ. ಓದಿ ಮುಗಿಸಿ ಹುಡುಗಿ ಮೂಕಿಯ ಹಾಗೆ ನಿಂತುಬಿಟ್ಟಳು. ಜನ ಕಾದರು. ಯಾರೋ ಕೆಮ್ಮಿದರು. ಇನ್ನೂ ತನ್ನ ಕಾಲ ಮೇಲೆ ನಿಲ್ಲದ ಮಗಳ ಪರವಾಗಿ ತಾಯಿ ಆಡಿದ ಮಾತೂ ನಡೆಯುತ್ತದೆಂದು ನಿಯಮವಿತ್ತು. ಗಂಗವ್ವ ಆ ಮೌನವನ್ನು ತಾಳಲಾರದೆ ಮೈಕಿಗೆ ಬಾಯಿ ಹಾಕಿ, "ನನ್ನ ಮಗಳು ಊಟಕ್ಕೂ ಇಳಿಯೂದಿಲ್ರಿ!" ಎಂದು ಕೂಗಿದಳು. ಚಪ್ಪಾಳೆಯೋ ಚಪ್ಪಾಳೆ. ದ್ರಾಕ್ಷಾಯಣಿ ಅವ್ವನ ಮುಖ ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂದಿನಿಂದ ಅವಳು ರೊಟ್ಟಿಯನ್ನು ನಿಂತೇ, ಏರುತ್ತ ಇಳಿಯುತ್ತ, ತುತ್ತು ಬಾಯಲ್ಲಿಟ್ಟುಕೊಂಡೇ ಜನರ ಆರಾಮ ವಿಚಾರಿಸುತ್ತ ತಿಂದಳು. ಗಂಗವ್ವ ಸಾಯುವ ತನಕ ತಾಯಿ ಮಗಳ ನಡುವೆ ಬೇಕಾದಷ್ಟೇ ಮಾತಿತ್ತು.

ದ್ರಾಕ್ಷಾಯಣಿ ಬಸುರಿಯಾಗಿದ್ದಾಗ ನಡೆದದ್ದನ್ನು ನಮ್ಮವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ದಿನ ತುಂಬಿದ್ದವು, ಸೂಟಿಯಂತೂ ಇಲ್ಲ. ಲಿಫ್ಟು ಅರ್ಧ ದಾರಿಯಲ್ಲಿದ್ದಾಗ ನೋವು ಬಂದು ಕುಸಿದು ಕುಳಿತಳು. ಲಿಫ್ಟು ಗಕ್ಕನೆ ನಿಂತಿತು. ಒಳಗೆ ಎರಡು ಎಮ್ಮೆ, ಬಾಸಿಂಗ ಕಟ್ಟಿಕೊಂಡ ಒಬ್ಬ ಮದುಮಗ, ಅವನ ಕಡೆಯವರು ನಾಲ್ಕು ಜನ. ಮುಹೂರ್ತ ಮೀರುತ್ತದೆಂದು ಆ ನಾಲ್ವರು ಅವಳ ರಟ್ಟೆ ಹಿಡಿದು ಎತ್ತಿ, ಪಾದ ನೆಲಕ್ಕೆ ಊರಿಸಿ, ಕೆಳಗಿನ ಕಟ್ಟೆ ಬರುವ ತನಕ ಹಾಗೇ ನಿಲ್ಲಿಸಿಕೊಂಡರು. ಕಟ್ಟೆಯ ಮೇಲೆ ಕಸ್ತೂರಿ ಹುಟ್ಟಿದಳು. ನಮ್ಮೂರಿನ ಒಗ್ಗಟ್ಟಿಗೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ ಎಂದು ಲಿಫ್ಟು ಕಮಿಟಿಯ ಅಧ್ಯಕ್ಷ ಶರಣಗೌಡರು ಪ್ರತಿ ಭಾಷಣದಲ್ಲೂ ಕೇಳುತ್ತಾರೆ. ಅದಕ್ಕೆ ಯಾರೂ ಈವರೆಗೆ ಉತ್ತರ ಕೊಟ್ಟಿಲ್ಲ.

ಕಸ್ತೂರಿ ಲಿಫ್ಟಿನೊಳಗೇ ಬೆಳೆದಳು. ಮೋಟಾರಿನ ಸದ್ದು ಕೇಳಿ ಎಣ್ಣೆ ಎಲ್ಲಿ ಕಡಿಮೆಯಾಗಿದೆ ಎಂದು ಹೇಳುತ್ತಿದ್ದಳು. ಆ ಕೆಲಸದ ಮೇಲೆ ಅವಳಿಗೆ ಜೀವ. ಜೊತೆಗೆ ಅವಳಿಗೆ ಕೂಡುವುದೂ ಅಷ್ಟೇ ಇಷ್ಟ. ಕಟ್ಟೆ ಕಂಡರೆ ಕೂಡುತ್ತಾಳೆ, ಚೀಲ ಕಂಡರೆ ಚೀಲದ ಮೇಲೆ ಕೂಡುತ್ತಾಳೆ, ಗೋಡೆ ಇದ್ದರೆ ಒರಗುತ್ತಾಳೆ. ಕೂಡುವುದರಲ್ಲಿ ಅಷ್ಟು ಪ್ರತಿಭೆಯನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. "ಮ್ಯಾಲೆ ಜಗ್ಗೂದು ಮೋಟಾರ. ನಾ ಯಾಕ ನಿಂದ್ರಬೇಕು?" ಎಂದು ಎಲ್ಲರೆದುರು ಕೇಳುತ್ತಿದ್ದಳು. ಕೇಳಿದವರು ಕಲಿಗಾಲ ಎಂದು ಆಕಾಶ ನೋಡುತ್ತಿದ್ದರು.

ಈ ನಡುವೆ ದ್ರಾಕ್ಷಾಯಣಿಯ ಕಾಲು ಸೋತವು. ಮೀನಖಂಡದಲ್ಲಿ ನರಗಳು ಹಗ್ಗದಂತೆ ಎದ್ದು, ಪಾದಗಳು ಬಾತು ಚಪ್ಪಲಿ ಒಪ್ಪದಂತಾದವು. ಇನ್ನು ನಿಂತರೆ ಕಾಲು ಕಳೆದುಕೊಳ್ಳುತ್ತೀ ಎಂದು ಡಾಕ್ಟರು ಖಡಾಖಂಡಿತ ಹೇಳಿದರು. ಅವಳು ಬಿಟ್ಟರೆ ಕಸ್ತೂರಿ ಬರಬೇಕು. ಕಸ್ತೂರಿ ಬಂದರೆ ಸಾಯುವ ತನಕ ನಿಲ್ಲಬೇಕು. ಕಸ್ತೂರಿ ಬಾರದಿದ್ದರೆ ಅವಳ ಜೀವದಂಥ ಲಿಫ್ಟು ತುಕ್ಕು ಹಿಡಿಯಬೇಕು. ದ್ರಾಕ್ಷಾಯಣಿ ನನ್ನ ಕಚೇರಿಗೆ ಬರುವಂತಿಲ್ಲವಲ್ಲ, ಅದಕ್ಕೆ ನಾನು ಮನೆಗೆ ಹೋಗುವಾಗ ಲಿಫ್ಟಿನಲ್ಲೇ ಹಿಡಿದಳು.

"ಫಕೀರಣ್ಣ, ಆರಾಮದಿ?" ಎಂದಳು. ಅದು ಲಿಫ್ಟಿಗಾಗಿ. ಆಮೇಲೆ ದನಿ ತಗ್ಗಿಸಿ, "ನನ್ನ ಮಗಳಿಗೆ ಕುರ್ಚಿ ಬೇಕು. ಬರದು ಕೊಡು" ಎಂದಳು.

"ಹೆಚ್ಚು ಕೇಳಿದಂಗ ಆಗತೈತಿ ತಂಗಿ. ದೀಪ ಹತ್ತೂದಿಲ್ಲ."

"ನೀ ಶಾಣ್ಯಾ ಅದಿ ಅಂತಾರ ಊರಾಗ."

ಹಾಗೆಂದವರು ಯಾರು ಎಂದು ನಾನು ವಿಚಾರಿಸಲಿಲ್ಲ, ಒಪ್ಪಿಕೊಂಡೆ. ಒಂದಿಷ್ಟು ದಿನ ಕಸುಬಿನ ಹಟದಿಂದ ಒದ್ದಾಡಿದೆ. ಪಾದ ನೆಲಕ್ಕೆ ತಾಗಿದ್ದರೆ ಅದು ನಿಂತಂತೆಯೇ ಎಂದು ಬರೆದು, ಕುರ್ಚಿಯಲ್ಲಿ ಕುಳಿತವಳ ಪಾದವೂ ನೆಲಕ್ಕೇ ತಾಗುತ್ತದಲ್ಲ ಎಂದು ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ. ದೀಪ ಹತ್ತಲಿಲ್ಲ. ನಿಲ್ಲುವುದೆಂದರೆ ಮೈಭಾರ ಪಾದದ ಮೇಲಿರುವುದು ಎಂದು ಕಾಶವ್ವನ ಕಾಲದ ಮೇಲ್ಬರಹದಲ್ಲಿ ಯಾವನೋ ಪುಣ್ಯಾತ್ಮ ಬಿಡಿಸಿ ಬರೆದಿದ್ದ. ಎತ್ತರದ ಸ್ಟೂಲು, ಗೋಡೆಗೆ ಒರಗುವ ಹಲಗೆ, ಜೋಲಿ, ಎಲ್ಲ ಬರೆದು ನೋಡಿದೆ. ಆ ದಿನಗಳಲ್ಲಿ ನಮ್ಮ ಮನೆಯ ಉಪ್ಪಿನಕಾಯಿ ಜಾಡಿ ಖಾಲಿಯಾಯಿತು.

ಸೋತೆ ಎಂದು ಹೇಳಲು ಲಿಫ್ಟು ಹತ್ತಿದ ದಿನವೇ ಶರಣಗೌಡರೂ ಹತ್ತಿದರು. ಅವರ ಹಿಂದೆ ಆಳೊಬ್ಬ ಅವರ ಹೊಸ ಕುರ್ಚಿಯನ್ನು ಹೊತ್ತು ತಂದಿದ್ದ. ತಿರುಗುವ ಕುರ್ಚಿ, ಬೆನ್ನಿಗೆ ಮೆತ್ತೆ, ತಲೆಗೆ ಇನ್ನೊಂದು ಮೆತ್ತೆ. ಗೌಡರು ಲಿಫ್ಟಿನಲ್ಲೇ ಅದರ ಮೇಲೆ ಕುಳಿತು, ಕಾಲು ಬಿಟ್ಟು ಒಂದು ಸುತ್ತು ತಿರುಗಿದರು.

"ಆರಾಮದೀರಿ ಗೌಡ್ರ?"

"ಆರಾಮೇನವಾ, ನಿನ್ನಂಥಾಕಿ ಇರೂತನಕ ನಮಗೇನ ಕಡಿಮಿ" ಎಂದು ಗೌಡರು ಮೇಲಪೇಟೆಯಲ್ಲಿ ಇಳಿದು ಹೋದರು.

ದ್ರಾಕ್ಷಾಯಣಿ ಕುರ್ಚಿ ಹೋದ ದಿಕ್ಕನ್ನೇ ನೋಡುತ್ತಿದ್ದಳು. "ಇವರಪ್ಪ ಬೆತ್ತದ ಕುರ್ಚಿ ಮ್ಯಾಲೆ ಕುಂದ್ರತಿದ್ದ. ಮುತ್ಯಾ ಬರೇ ಹಲಗಿ ಮ್ಯಾಲೆ. ಇವರಿಗೆ ಇದು ಹೆಂಗ ಬಂತು ಫಕೀರಣ್ಣ? ಹೆಚ್ಚು ಕೇಳಿದಂಗ ಆಗಲಿಲ್ಲೇನು?"

"ಆಗೂದಿಲ್ಲ. ಗೌಡ್ರನ್ನ ಅವರಪ್ಪನ ಕ್ಲಾಸಿನಿಂದ ಹುಟ್ಟಿಸಿಲ್ಲ. ಅಧ್ಯಕ್ಷರನ್ನ ಪ್ರತಿ ಸಲ ಹೊಸದಾಗಿ ಬರೀತೀವಿ. ಹಿಂದು ಮುಂದಿಲ್ಲದ ಕ್ಲಾಸು ಅದು."

ಈ ಮಾತನ್ನು ನಾನು ಮಾಮೂಲಿಯಾಗಿ ಹೇಳಿದ್ದೆ. ಅಧ್ಯಕ್ಷರನ್ನು, ಕಮಿಟಿಯವರನ್ನು, ನಮ್ಮ ಸಾಹೇಬರನ್ನು, ನನ್ನನ್ನೂ ಹಾಗೆಯೇ ಬರೆಯುವುದು. ಅದರಲ್ಲಿ ವಿಶೇಷವೇನಿದೆ ಎಂದು ನನಗೆ ಅಲ್ಲಿಯ ತನಕ ಅನಿಸಿರಲಿಲ್ಲ. ಅವಳು ಏನೋ ಲೆಕ್ಕ ಹಾಕುತ್ತ, ಹೊಸದಾಗಿ ಹತ್ತಿದ ಬಳೆಗಾರನ ಆರಾಮ ವಿಚಾರಿಸುವುದನ್ನೇ ಮರೆತಳು. ಲಿಫ್ಟು ಜಗ್ಗಿ ನಿಂತಾಗ ಎಚ್ಚರಾಗಿ ವಿಚಾರಿಸಿದಳು. ಅವನು ತನ್ನ ಮಂಡಿನೋವು ಹೇಳಿ ಮುಗಿಸಿ ಇಳಿದ ಮೇಲೆ ನನ್ನ ಕಡೆ ತಿರುಗಿದಳು.

"ಹಂಗಾರ ನನ್ನ ಮಗಳ್ನೂ ಹೊಸದಾಗಿ ಬರಿ. ನನ್ನಿಂದ ಹುಟ್ಟಿಸಬ್ಯಾಡ."

"ತಂಗಿ, ಅದು ಬರೇ ಬರದಂಗಲ್ಲ. ಸಾಬೀತಾತಂದ್ರ ಮುಗೀತು. ಊರಿನ ಯಾವ ಯಂತ್ರಕ್ಕೂ ಆಕಿ ನಿನ್ನ ಮಗಳು ಅಂತ ಗೊತ್ತಿರೂದಿಲ್ಲ. ಹಿಂದಕ್ಕ ತರಾಕ ಬರೂದಿಲ್ಲ."

"ಯಂತ್ರಕ್ಕ ಗೊತ್ತಿರದಿದ್ರ ಬಿಡು. ನನಗ ಗೊತ್ತೈತಿ" ಎಂದಳು. ಹೇಳಿ ಗುಂಡಿ ಒತ್ತಿದಳು.

ಕಸ್ತೂರಿಗೆ ತಿಳಿದಾಗ ದೊಡ್ಡ ರಂಪವಾಯಿತು. ಓಣಿಗೆಲ್ಲ ಕೇಳುವಂತೆ, "ಒಂದು ಕುರ್ಚಿ ಸಲುವಾಗಿ ಹಡದವ್ವನ್ನ ಬಿಡಲೇನು? ನನಗ ಕುರ್ಚಿನs ಬ್ಯಾಡ, ನಾನೂ ನಿಂತs..." ಎಂದಳು. ಮಾತು ಮುಗಿಯುವುದರೊಳಗೆ ದ್ರಾಕ್ಷಾಯಣಿ ತನ್ನ ಅಂಗೈಯಿಂದ ಮಗಳ ಬಾಯಿ ಮುಚ್ಚಿದಳು. "ಆ ಮಾತು ನಿನ್ನ ಬಾಯಾಗ ಬರಬಾರದಂತs ಇಷ್ಟೆಲ್ಲಾ ಮಾಡಾಕ ಹತ್ತೇನಿ. ನಮ್ಮ ಮನಿತನದ ರೋಗ ಅದು. ಒಪ್ಪಿಗಿ ದಿನ ಬಾಯಿ ಬಿಟ್ಟೀ ಜ್ವಾಕಿ." ಇಬ್ಬರೂ ಅಳುತ್ತಿದ್ದರು. ನಾನು ಬಾಗಿಲಲ್ಲೇ ನಿಂತವನು ಒಳಗೆ ಹೋಗಲೂ ಆಗದೆ, ಹೊರಗೆ ಹೋಗಲೂ ಆಗದೆ ಒದ್ದಾಡಿದೆ.

ಕಮಿಟಿ ಒಪ್ಪಲಾರದೆಂದು ನಾನು ಎಣಿಸಿದ್ದೆ. ಶರಣಗೌಡರು ನಗುತ್ತಲೇ ಒಪ್ಪಿದರು. "ಬರೀರಿ, ಬರೀರಿ. ಕುರ್ಚಿನೂ ಬರೀರಿ, ಮಂಗಳವಾರನೂ ಬರೀರಿ. ಒಪ್ಪಿಗಿ ದಿನ ಜನಾ ಕೂಡಲಿ, ಮೈಕ ಹಚ್ಚೋಣ. ಆ ರಕ್ತ ತಾನs ಮಾತಾಡತೈತಿ" ಎಂದು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಗೌಡರು ದಡ್ಡರಲ್ಲ ಎಂಬುದು ಬೇಸರದ ಸಂಗತಿ.

ಹೊಸದಾಗಿ ಬರೆಯುವುದೆಂದರೆ ಬುಡದಿಂದ ಬರೆಯುವುದು. ಕಾವಲಗಿತ್ತಿ ಬದಲಾದರೆ ಅವಳನ್ನು ನಂಬಿದ ಬಾಗಿಲು, ಹಗ್ಗ, ಮೋಟಾರು, ಗಂಟೆ ಒಂದೊಂದರ ಮಾತೂ ಮತ್ತೆ ಸಾಬೀತಾಗಬೇಕು. ಅಲ್ಲಿಯ ತನಕ ಲಿಫ್ಟು ನಿಂತಿತು. ಮೇಲಪೇಟೆಯವರು ಮೆಟ್ಟಿಲು ಹತ್ತುತ್ತ ಒಂದೊಂದು ಮೆಟ್ಟಿಲಿಗೂ ನನ್ನ ವಂಶವನ್ನು ಸ್ಮರಿಸಿದರು. ಅವರಲ್ಲಿ ಕೆಲವರ ಹೊಟ್ಟೆ ಕರಗಿ, ಸಕ್ಕರೆ ಕಾಯಿಲೆ ತಗ್ಗಿ, ಡಾಕ್ಟರರ ಮುಖ ಸಪ್ಪಗಾಯಿತು. ನನಗಂತೂ ಆ ಕೆಲಸದಷ್ಟು ಸುಖ ಹಿಂದೆಂದೂ ಸಿಕ್ಕಿರಲಿಲ್ಲ. ಕಸ್ತೂರಿಯ ಮೇಲ್ಬರಹ ಬಾಳವ್ವನ ಮನಸ್ಸಿನಷ್ಟೇ ನಿಚ್ಚಳವಾಗಿತ್ತು. ಕೇಳುವುದು: ಕುರ್ಚಿ, ಮಂಗಳವಾರ ಸೂಟಿ, ಊಟದ ಬಿಡುವು. ಕೊಡುವುದು: ಹತ್ತಿದವರನ್ನು ಏರಿಸಿ ಇಳಿಸುವುದು. ಎಂದೂ ತಪ್ಪದ ಮಾತು: ಬಾಗಿಲು ತೆರೆದಿರುವಾಗ ಲಿಫ್ಟು ಚಲಿಸದು. ಆರಾಮದ ಸುದ್ದಿಯೇ ಇಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದೆ, ಎಲ್ಲಿಯೂ ಒಂದು ಹನಿ ಸೋರಲಿಲ್ಲ. ಕೊನೆಗೆ ಉಳಿದದ್ದು ಒಪ್ಪಿಗೆ ಒಂದೇ.

ಆ ದಿನ ಬಂದಷ್ಟು ಜನ ಯಾವ ಒಪ್ಪಿಗೆಗೂ ಬಂದಿರಲಿಲ್ಲ. ಕುರ್ಚಿ ಕೇಳುವವಳನ್ನು ನೋಡಬೇಕಿತ್ತಲ್ಲ. ಕಟ್ಟೆಯ ಮೇಲೆ ಸಾಬೀತು ನೋಡುವ ಯಂತ್ರ, ಅದರ ಪರದೆ, ಮೈಕು, ಆರಿದ ದೀಪ. ಪಕ್ಕದಲ್ಲಿ ಒಪ್ಪಿಗೆ ಬರೆಸಿಕೊಳ್ಳುವ ಮಾಬುಸಾಬ, ಜರತಾರಿ ರುಮಾಲು ಸುತ್ತಿಕೊಂಡು. ಮುಂದಿನ ಸಾಲಿನಲ್ಲಿ ಗೌಡರು ತಮ್ಮ ಕುರ್ಚಿಯ ಸಮೇತ. ದ್ರಾಕ್ಷಾಯಣಿ ಕಂಬ ಹಿಡಿದುಕೊಂಡು ನಿಂತಿದ್ದಳು. ಕೂಡು ಎಂದು ಯಾರೋ ಹಲಗೆ ಕೊಟ್ಟರೂ ರೂಢಿ ತಪ್ಪಿಸಲಾಗದೆ ನಿಂತೇ ಇದ್ದಳು.

ಕಸ್ತೂರಿ ಓದಿದಳು. ಸ್ಪಷ್ಟವಾಗಿ, ಅವಸರವಿಲ್ಲದೆ ಓದಿದಳು. ಕುರ್ಚಿ ಎಂಬ ಮಾತು ಬಂದಾಗ ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ನಕ್ಕರು. ಓದಿ ಮುಗಿಯಿತು. ಈಗ ಮೇಲುಮಾತಿನ ಹೊತ್ತು. ಗೌಡರು ಎರಡೂ ಅಂಗೈಯನ್ನು ಹತ್ತಿರ ತಂದು ತಯಾರಾದರು. ಕಸ್ತೂರಿ ಜನರನ್ನು ಈ ತುದಿಯಿಂದ ಆ ತುದಿಯ ತನಕ ನೋಡಿ, "ಅಷ್ಟs ರೀ" ಎಂದಳು.

ಗೌಡರ ಅಂಗೈಗಳು ಹಾಗೆಯೇ ಗಾಳಿಯಲ್ಲಿ ಉಳಿದವು. ಯಂತ್ರ ಎಲ್ಲವನ್ನೂ ಕೂಡಿಸಿ ನೋಡಿ ದೀಪ ಹಚ್ಚಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತದೆ. ಆ ಸ್ವಲ್ಪ ಹೊತ್ತು ಬೆಳೆಯುತ್ತ ಹೋಯಿತು. ಯಾರೋ ಕೆಮ್ಮಿದರು. ಒಬ್ಬ ಮುದುಕಿ, ಎಲ್ಲರಿಗೂ ಕೇಳುವಂತೆ, "ಕಾಶವ್ವನ ಮನಿತನದಾಗ ಹಿಂಥಾಕಿ ಹುಟ್ಟಿದಳಲ್ಲವಾ" ಎಂದಳು. ಕಸ್ತೂರಿಯ ಕಿವಿ ಕೆಂಪಾದವು, ಆದರೆ ತುಟಿ ಬಿಗಿದೇ ಇತ್ತು. ಹುಡುಗಿ ಗೆದ್ದಳು ಎಂದು ನಾನು ಉಸಿರು ಬಿಟ್ಟೆ. ಆಗ ದ್ರಾಕ್ಷಾಯಣಿಯ ಮುಖ ಕಂಡಿತು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ನಾನು ಬೇಡ ಎಂದು ಕೈಸನ್ನೆ ಮಾಡಿದೆ. ಅವಳಿಗೆ ನಾನು ಕಾಣಲೇ ಇಲ್ಲ. ಕಂಬ ಬಿಟ್ಟು, ಬಾತ ಕಾಲಿನಲ್ಲೇ ಓಡಿ ಹೋಗಿ ಮೈಕು ಕಸಿದುಕೊಂಡಳು.

"ಸೂಟಿ ಬ್ಯಾಡ್ರಿ ಆಕಿಗೆ! ಮಂಗಳವಾರನೂ ಬರತಾಳ್ರಿ ನನ್ನ..."

ಮುಂದಿನ ಶಬ್ದ ಚಪ್ಪಾಳೆಯಲ್ಲಿ ಮುಳುಗಿತು. ಗೌಡರು ಎದ್ದು ನಿಂತು ತಟ್ಟಿದರು. ಕಸ್ತೂರಿ ಅವ್ವನ ಮುಖ ನೋಡಿದಳು. ಹಿಂದೊಮ್ಮೆ ಇದೇ ಕಟ್ಟೆಯ ಮೇಲೆ ದ್ರಾಕ್ಷಾಯಣಿ ಗಂಗವ್ವನನ್ನು ನೋಡಿದ್ದಳಲ್ಲ, ಅದೇ ನೋಟ. ತಾನು ಮಾಡಿದ್ದೇನು ಎಂದು ಆಗ ತಿಳಿಯಿತು ದ್ರಾಕ್ಷಾಯಣಿಗೆ. ಮೈಕು ಹಿಡಿದವಳು ಹಿಡಿದಂತೆಯೇ ಕಲ್ಲಾದಳು. ನಾನು ತಿರುಗಿ ಪರದೆ ನೋಡಿದೆ. ಅಲ್ಲಿ ಮಂಗಳವಾರ ಇದ್ದ ಹಾಗೆಯೇ ಇತ್ತು. ಹೊಸ ಬರಹದಲ್ಲಿ ತಾಯಿಯೇ ಇಲ್ಲವಲ್ಲ, ಯಂತ್ರ ಆ ಮಾತನ್ನು ಒಳಗೆ ಬಿಟ್ಟುಕೊಳ್ಳದೆ, ಆಡಿದವರು ಯಾರು ಎಂದು ಕೇಳುತ್ತ ನಿಂತಿತ್ತು. ತಾಯಿ ಎಂದು ಉತ್ತರ ಬಂದರೆ ಆ ಮಾತು ಕ್ಲಾಸಿಗೆ ಸೇರುತ್ತಿತ್ತು.

ಕೇಳಬೇಕಾದವನು ಮಾಬುಸಾಬ. ಅವನು ದ್ರಾಕ್ಷಾಯಣಿಯ ಮದುವೆಯಲ್ಲಿ ಉಂಡವನು, ಕಸ್ತೂರಿಗೆ ತೊಟ್ಟಿಲು ತಂದು ಕೊಟ್ಟವನು. ರುಮಾಲು ಸರಿಮಾಡಿಕೊಂಡ, ಗಂಟಲು ಸರಿಮಾಡಿಕೊಂಡ. ಚಪ್ಪಾಳೆ ನಿಲ್ಲುವ ತನಕ ಕಾದು ಕೇಳಿದ:

"ಅಕ್ಕಾರ, ಈ ಹುಡುಗಿಗೆ ನೀವು ಏನಾಗಬೇಕು?"

ಹಡೆದದ್ದು ಆ ಕಟ್ಟೆಯ ಮೇಲೆಯೇ, ಅಲ್ಲಿದ್ದ ಅರ್ಧ ಜನರ ಕಣ್ಣೆದುರಿಗೆ. ದ್ರಾಕ್ಷಾಯಣಿ ಮಗಳನ್ನು ನೋಡಿದಳು, ಮಗಳು ತಲೆ ತಗ್ಗಿಸಿದಳು. ಮೈಕು ತಾಯಿಯ ಉಸಿರನ್ನು ಎಲ್ಲರಿಗೂ ಕೇಳಿಸುತ್ತಿತ್ತು.

"ಏನೂ ಆಗಬೇಕಾಗಿಲ್ರಿ" ಎಂದಳು.

"ಹಂಗಾರ ಮೈಕ ಬಿಡ್ರಿ ಅಕ್ಕಾರ" ಎಂದ ಮಾಬುಸಾಬ, ಬಹಳ ಮೆತ್ತಗೆ.

ಅವಳು ಬಿಟ್ಟಳು. ದೀಪ ಹತ್ತಿತು, ಹಚ್ಚ ಹಸಿರು. ಚಪ್ಪಾಳೆ ತಟ್ಟಿದವರು ಯಾರೂ ಇಲ್ಲ. ಕಸ್ತೂರಿ ಲಿಫ್ಟಿನೊಳಗೆ ಹೋಗಿ ಕುರ್ಚಿಯ ಮೇಲೆ ಕುಳಿತಳು. ಲಿಫ್ಟು ಏರಿತು.

ಜನ ಚದುರಿದ ಮೇಲೆ ದ್ರಾಕ್ಷಾಯಣಿ ನನ್ನ ತೋಳು ಹಿಡಿದುಕೊಂಡಳು. "ನಮ್ಮವ್ವನ ಬಾಯಿ ನನ್ನ ಬಾಯಾಗ ಬಂತಲ್ಲೋ ಫಕೀರಣ್ಣ. ಪಾಪ, ಆಕಿಗೂ ಹಿಂಗs ಆಗಿರಬೇಕು" ಎಂದಳು. ನನ್ನ ಪ್ರೋಗ್ರಾಮು ಮಗಳನ್ನು ಉಳಿಸಿತು ಎಂದು ಜಂಬ ಕೊಚ್ಚಬೇಕೆಂದಿದ್ದವನು ಸುಮ್ಮನೆ ಅವಳನ್ನು ಮನೆಯ ತನಕ ನಡೆಸಿಕೊಂಡು ಹೋದೆ.

ಈಗ ಮಂಗಳವಾರ ನಾವೆಲ್ಲ ಮೆಟ್ಟಿಲು ಹತ್ತುತ್ತೇವೆ, ಬೈಯುತ್ತೇವೆ. ಉಳಿದ ದಿನ ಲಿಫ್ಟು ಮೊದಲಿಗಿಂತ ನಯವಾಗಿ ಏರಿಳಿಯುತ್ತದೆ. ಆರಾಮ ವಿಚಾರಿಸುವವರಿಲ್ಲದೆ ಕೆಲವರು ಸೊರಗಿದ್ದಾರೆ, ಅವರು ಈಗ ನನ್ನ ಕಚೇರಿಗೆ ಬಂದು ಹೇಳಿಕೊಳ್ಳುತ್ತಾರೆ. ಗೌಡರು ಭಾಷಣದಲ್ಲಿ ಎಮ್ಮೆ ಮತ್ತು ಮದುಮಗನ ಕಥೆಯನ್ನು ಬಿಟ್ಟಿಲ್ಲ. ಕಸ್ತೂರಿಯನ್ನು ನೋಡಿ ಗಿರಣಿಯ ಹುಡುಗಿಯೊಬ್ಬಳು ತನ್ನನ್ನೂ ಹೊಸದಾಗಿ ಬರೆಯಲು ಎಷ್ಟು ದಿನ ಬೇಕು ಎಂದು ಮೊನ್ನೆ ಕೇಳಿಕೊಂಡು ಹೋದಳು.

ಒಂದು ತೊಂದರೆ ಮಾತ್ರ ಉಳಿದಿದೆ. ಅವರ ಮನೆಯ ಮುಂಬಾಗಿಲು ಹಳೆಯ ಕಾಲದ್ದು. ಮನೆಯೊಡತಿಗೂ ಅವಳ ಮಕ್ಕಳಿಗೂ ತಾನಾಗಿಯೇ ತೆರೆಯುತ್ತದೆ, ಬೇರೆಯವರಿಗೆ ತೆರೆಯುವುದಿಲ್ಲ. ಸಂಜೆ ಕೆಲಸ ಮುಗಿಸಿ ಬಂದ ಕಸ್ತೂರಿಗೆ ಅದು ಈಗ ತೆರೆಯುವುದಿಲ್ಲ. ಒಳಗಿನಿಂದ ದ್ರಾಕ್ಷಾಯಣಿಯೇ ಎದ್ದು ಬಂದು ತೆಗೆಯಬೇಕು. ಬೇಕಾದರೆ ಬಾಗಿಲನ್ನೂ ಹೊಸದಾಗಿ ಬರೆದು ಕೊಡುತ್ತೇನೆ ಎಂದು ನಾನು ಹೇಳಿದೆ. ದ್ರಾಕ್ಷಾಯಣಿ ಏನೂ ಬೇಡ ಎಂದಳು. ನಮ್ಮ ಮನೆ ಎದುರಿಗೇ ಇರುವುದರಿಂದ ದಿನವೂ ನನಗೆ ಕೇಳುತ್ತದೆ. ಕಸ್ತೂರಿ ಹೊಸ್ತಿಲಾಚೆ ನಿಂತು ಕದ ಬಡಿಯುತ್ತಾಳೆ.

"ಯವ್ವಾ, ಎಷ್ಟೊತ್ತು ಬಾಗಲಾ ತಗಿಯಾಕ?"

ದ್ರಾಕ್ಷಾಯಣಿ ಗೋಡೆ ಹಿಡಿದುಕೊಂಡು, ಬೇಕೆಂದೇ ನಿಧಾನವಾಗಿ ಬರುತ್ತ ಒಳಗಿನಿಂದ ಕೂಗುತ್ತಾಳೆ:

"ಸಂಜೀತನಕಾ ಕುಂತು ಬಂದೀಯಲ್ಲ, ನಿಂದ್ರು ಒಂದೀಟು."